ಬೀದಿದೀಪದ ಕೆಳಗಿನ ‘ವಿಷದ ಹುಳ’

ಮುಂಗಾರು ಹಿಡಿದ ಮೇಲೆ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಪ್ರತಿವರ್ಷ ಒಂದೇ ಫೋಟೊ: ಬೀದಿದೀಪದ ಕೆಳಗೆ ಅಂಗಾತ ಬಿದ್ದು ಕಾಲು ಬಡಿಯುವ, ಹೆಬ್ಬೆರಳ ತುದಿಯಷ್ಟು ದಪ್ಪನೆಯ ಕಪ್ಪು ಹುಳ. ‘ವಿಷದ ಹುಳ, ಮುಟ್ಟಿದರೆ ಮೈಯೆಲ್ಲ ಬೊಬ್ಬೆ, ಎಲ್ಲರಿಗೂ ತಿಳಿಸಿ.’ ಎಲ್ಲರೂ ಎಲ್ಲರಿಗೂ ತಿಳಿಸುತ್ತಾರೆ.

ಅದು ಹೈಡ್ರೊಫಿಲಿಡೆ ಕುಟುಂಬದ ನೀರುಜೀರುಂಡೆ. ಕೊಳೆತ ಎಲೆ, ಪಾಚಿ ತಿಂದುಕೊಂಡಿರುವ ಸಾಧು ಪ್ರಾಣಿ. ಎದೆಯಡಿ ಒಂದು ಚೂಪು ಮುಳ್ಳಿದೆ, ಮುಷ್ಟಿಯಲ್ಲಿ ಅಮುಕಿದರೆ ಚುಚ್ಚೀತು. ವಿಷ ಮಾತ್ರ ಇಲ್ಲ. ಬೊಬ್ಬೆ ಎಬ್ಬಿಸುವುದು ಪೀಡೆರಸ್ ಎಂಬ ಬೇರೆಯೇ ಹುಳ: ಸಪೂರ ಮೈ, ಕಪ್ಪು–ಕಿತ್ತಳೆ ಪಟ್ಟೆ, ಉದ್ದ ಒಂದು ಸೆಂಟಿಮೀಟರೂ ಇಲ್ಲ. ಅದೂ ಕಚ್ಚುವುದಿಲ್ಲ. ಕುತ್ತಿಗೆ ಮೇಲೆ ಹರಿದಾಡಿದ್ದನ್ನು ನಾವೇ ಉಜ್ಜಿ ಹಾಕಿದಾಗ ಅದರ ಮೈಯೊಳಗಿನ ಪೀಡೆರಿನ್ ಚರ್ಮ ಸುಡುತ್ತದೆ. ಬೊಬ್ಬೆ ಏಳುವುದು ಮಾರನೆಯ ದಿನವೋ ಅದರಾಚೆಗೋ. ಅಷ್ಟರಲ್ಲಿ ಯಾರು ಮಾಡಿದ್ದೆಂದು ನೆನಪಿರುವುದಿಲ್ಲ. ಅದೇ ದೀಪಕ್ಕೆ ಬಂದು ಬಿದ್ದಿದ್ದ ದೊಡ್ಡ ಹುಳವಾದರೋ ಕಣ್ಣಿಗೆ ಕಟ್ಟಿದಂತಿದೆ. ಪಾಪ, ಚಪ್ಪಲಿ ಏಟು ಅದಕ್ಕೆ.

ಕೆರೆಯಲ್ಲಿ ಕಾಲ್ಬೆರಳು ಕಚ್ಚುವುದೂ ಇದಲ್ಲ, ದೈತ್ಯ ನೀರುತಿಗಣೆ. ಮೀನುಮರಿ ಹಿಡಿಯುವುದು ಮುಳುಗುಜೀರುಂಡೆ. ಹಿಂಗಾಲೆರಡನ್ನೂ ಒಟ್ಟಿಗೆ ಬೀಸಿ ಈಜುತ್ತದೆ. ನಮ್ಮದು ಒಂದಾದ ಮೇಲೊಂದು ಕಾಲು ಹಾಕುತ್ತದೆ. ಇದರ ಮರಿ ಮಾತ್ರ ಪಕ್ಕಾ ಬೇಟೆಗಾರ, ಬಸವನಹುಳು ಗೊದಮೊಟ್ಟೆಗಳನ್ನು ಬಿಡುವುದಿಲ್ಲ.

ನೀರಿನ ಹುಳವಾದ್ದರಿಂದ ನೀರಿನಲ್ಲೇ ಉಸಿರಾಡುತ್ತದೆ ಎನ್ನುವವರು ಗಾಜಿನ ಬಾಟಲಿಗೆ ಬಿಟ್ಟು ನೋಡಬೇಕು. ತಲೆ ಓರೆ ಮಾಡಿಕೊಂಡು ಮೇಲೆ ಬಂದು, ಗದೆಯಂತೆ ತುದಿ ಉಬ್ಬಿದ ಗಿಡ್ಡ ಮೀಸೆಯೊಂದನ್ನು ನೀರಿನಾಚೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ. ಉದ್ದ ಮೀಸೆಯೆಂದು ನಾವು ತಿಳಿದದ್ದು ಬಾಯಿಯ ಅಂಗ. ಹೊಟ್ಟೆಯಡಿಯ ನವಿರು ರೋಮದಲ್ಲಿ ಸಿಕ್ಕಿಕೊಂಡ ಗಾಳಿ, ಮುಳುಗಿದಾಗ ಬೆಳ್ಳಿಯ ತಗಡಿನ ಹಾಗೆ ಹೊಳೆಯುತ್ತದೆ. ಫೋಟೊ ತೆಗೆಯಬೇಕಾದ್ದು ಅದನ್ನು.

ಇದೇ ಕುಟುಂಬದ ಒಂದು ಪುಟ್ಟ ಜೀರುಂಡೆಯನ್ನು ಜಪಾನಿನ ಕೋಬೆ ವಿಶ್ವವಿದ್ಯಾಲಯದ ಶಿಂಜಿ ಸುಗಿಯುರಾ ಕಪ್ಪೆಗೆ ತಿನ್ನಿಸಿ ನೋಡಿದರು. ಕಪ್ಪೆ ನುಂಗಿದವುಗಳಲ್ಲಿ ಹೆಚ್ಚಿನವು 6 ಗಂಟೆಯೊಳಗೆ ಅದರ ಹಿಂಬದಿಯಿಂದ ಜೀವಂತ ಹೊರಬಂದವು. ಒಂದಂತೂ 6 ನಿಮಿಷದಲ್ಲಿ. ಮೇಣ ಹಚ್ಚಿ ಕಾಲು ಕಟ್ಟಿದವು ಬದುಕಲಿಲ್ಲ, ಅಂದರೆ ಕರುಳಿನೊಳಗೆ ಕಾಲಾಡಿಸಿಯೇ ದಾರಿ ಮಾಡಿಕೊಳ್ಳುತ್ತವೆ. 2020ರಲ್ಲಿ ಪ್ರಕಟವಾದ ಈ ಸಂಗತಿಯನ್ನು ನಾನು ಅದೇ ಗುಂಪಿನಲ್ಲಿ ಹಾಕಿದೆ. ಕೂಡಲೇ ಉತ್ತರ ಬಂತು: ‘ಸುಳ್ಳು ಸುದ್ದಿ ಹರಡಬೇಡಿ ಸಾರ್.’