ಗಟ್ಟಿ ಹುಡುಗನ ಮೂರು ಗ್ಲಾಸು

ಕಳೆದ ಬೇಸಿಗೆಯಲ್ಲಿ ಒಂದು ಮುಂಜಾನೆ, ಉಪ್ಪಿನಕಾಯಿಗೆ ಮಾವಿನಕಾಯಿ ಕೊಳ್ಳಲೆಂದು ನಾವು ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಹೋಗಿದ್ದೆವು. ಪುಣೆಯಲ್ಲಿ ನೆಲೆಸಿದ ವಾಚಕರಿಗೆ ಆ ಪೇಟೆಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಬೆಳಕು ಹರಿಯುವ ಮುನ್ನವೇ ಲಾರಿಗಳ ಸಾಲು, ಈರುಳ್ಳಿಯ ಘಾಟು, ಬೆಲ್ಲದ ವಾಸನೆ. ಮರಾಠಿಯ ಕೂಗಾಟದ ನಡುವೆ ಥಟ್ಟನೆ ಕಿವಿಗೆ ಬೀಳುವ ಕಲಬುರಗಿ, ವಿಜಯಪುರಗಳ ಕನ್ನಡ. ಆ ಮಾತು ಕೇಳಿದ ಮೇಲೆ ನಿಲ್ಲದೆ ಮುಂದೆ ಹೋಗುವುದು ನಮ್ಮಿಂದ ಆಗದು.

ಅಂದು ನಿಂತದ್ದು ಒಂದು ಚಹಾದ ಅಂಗಡಿಯ ಮುಂದೆ. ಹಮಾಲಿ ಮಾಡುವ ಅಫಜಲಪುರದ ಕಡೆಯವರೊಬ್ಬರು, ಪಕ್ಕದಲ್ಲಿ ಅವರ ಅಕ್ಕನ ಮಗ. ಹುಡುಗನಿಗೆ 16 ವರ್ಷ. ಪರೀಕ್ಷೆ ಮುಗಿಸಿ ರಜೆಗೆಂದು ಮಾವನ ಮನೆಗೆ ಬಂದವನು, ಮಾವನ ಹಿಂದೆ ಯಾರ್ಡಿಗೂ ಬರುತ್ತಿದ್ದನು. ಅವನ ಕಣ್ಣು ಕೆಂಪಾಗಿದ್ದವು. ಮುಂದಿಟ್ಟ ಚಹಾ ಆರಿಹೋಗಿತ್ತು. ಮೈಯಲ್ಲಿ ಹುಷಾರಿಲ್ಲವೇ ಎಂದು ಕೇಳಿದೆವು.

“ಏನಿಲ್ರಿ ಸಾಹೇಬ್ರ, ನಿನ್ನಿ ರಾತ್ರಿ ಮೈಕೈ ನೋವು ಅಂದ. ನಾನಽ ಸ್ವಲ್ಪ ಕೊಟ್ಟೆ. ಹುಡುಗ ಭಾಳ ಗಟ್ಟಿ ಅದಾನ್ರಿ. ನಾವು ಎರಡು ಗ್ಲಾಸಿಗೆ ಜೋಲಿ ಹೊಡೀತೀವಿ, ಇಂವ ಮೂರು ಕುಡದ್ರೂ ನೆಟ್ಟಗ ನಿಂತಿದ್ದ. ಅವ್ವನ ಜೋಡಿ ಫೋನಿನ್ಯಾಗ ಮಾತಾಡಿದ.”

ಹುಡುಗ ತಲೆ ಎತ್ತಿ ಮಾವನ ಮುಖ ನೋಡಿದನು. “ಅವ್ವನ ಜೋಡಿ ಮಾತಾಡಿದ್ನೇನು? ನಂಗ ನೆನಪಽ ಇಲ್ಲ” ಎಂದನು.

ಮಾವ ನಕ್ಕರು. ನಮಗೆ ನಗು ಬರಲಿಲ್ಲ.

ಆ ಮಾವ ಕೆಟ್ಟವರಲ್ಲ. ಐವತ್ತು ಕಿಲೋದ ಚೀಲಗಳನ್ನು ದಿನವಿಡೀ ಬೆನ್ನಿನ ಮೇಲೆ ಹೊರುವವರಿಗೆ, ಕೈಚೀಲದಲ್ಲಿ ಎರಡು ಕಿಲೋ ಮಾವಿನಕಾಯಿ ಹಿಡಿದು ನಿಂತ ನಾವು ಉಪದೇಶ ಮಾಡುವುದು ನಾಚಿಕೆಗೇಡು. ಆದರೂ “ನೆಟ್ಟಗ ನಿಂತಿದ್ದ” ಎಂಬ ಮಾತು ನಮ್ಮ ಮನಸ್ಸಿನಿಂದ ಹೋಗಲೊಲ್ಲದು. ಹದಿಹರೆಯದ ಕುಡಿತದಲ್ಲಿ ಎಲ್ಲಕ್ಕಿಂತ ಮೋಸದ ಸಂಗತಿಯೆಂದರೆ ಅದೇ.

ಮದ್ಯವು ಅನ್ನದಂತೆ ಜೀರ್ಣವಾಗಬೇಕಾದ ಪದಾರ್ಥವಲ್ಲ. ಸ್ವಲ್ಪ ಭಾಗ ಹೊಟ್ಟೆಯಿಂದ, ಬಹುಭಾಗ ಸಣ್ಣ ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರಿ, ಕೆಲವೇ ನಿಮಿಷಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಅದನ್ನು ಮುರಿದು ಹೊರಹಾಕುವ ಕೆಲಸ ಪಿತ್ತಜನಕಾಂಗದ್ದು. ಈ ಕೆಲಸಗಾರ ಬಲು ನಿಧಾನಿ. ಬೆಳೆದ ಮನುಷ್ಯನಲ್ಲಿಯೂ ಗಂಟೆಗೆ ಸುಮಾರು ಏಳೆಂಟು ಗ್ರಾಮಿಗಿಂತ ಹೆಚ್ಚು ಸಾಗುವುದಿಲ್ಲ. ಮಜ್ಜಿಗೆ, ನಿಂಬೆಹುಳಿ, ಕಾಫಿ, ತಣ್ಣೀರಿನ ಸ್ನಾನ, ಯಾವುದರಿಂದಲೂ ಆ ವೇಗ ಹೆಚ್ಚದು.

“ಬಿಯರ್ ತಾನೇ, ಅದೇನು ದಾರುವೇ?” ಎನ್ನುವವರು ನಮ್ಮ ಓದಿದ ಕುಟುಂಬಗಳಲ್ಲಿಯೂ ಇದ್ದಾರೆ. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ನೂರಕ್ಕೆ 8ರಷ್ಟು ಮದ್ಯಸಾರವಿರುವ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ ಶುದ್ಧ ಮದ್ಯಸಾರ ಸುಮಾರು 41 ಗ್ರಾಂ. 30 ಮಿಲಿಲೀಟರ್ ವಿಸ್ಕಿಯಲ್ಲಿ 10 ಗ್ರಾಂ. ಅಂದರೆ ಒಂದು ಬಾಟಲಿ ಬಿಯರ್ ನಾಲ್ಕು ಪೆಗ್ ವಿಸ್ಕಿಗೆ ಸಮ! ಅದನ್ನು ಕರಗಿಸಲು ಪಿತ್ತಜನಕಾಂಗಕ್ಕೆ ಐದಾರು ಗಂಟೆ ಬೇಕು. ರಾತ್ರಿ ಹನ್ನೆರಡಕ್ಕೆ ಕುಡಿದು ನಾಲ್ಕಕ್ಕೆ ಎದ್ದು ಯಾರ್ಡಿಗೆ ಬಂದವನ ರಕ್ತದಲ್ಲಿ ಅದು ಇನ್ನೂ ಓಡಾಡುತ್ತಿರುತ್ತದೆ.

ಇನ್ನು ಮಿದುಳಿನ ಮಾತು. ಹಣೆಯ ಹಿಂದಿರುವ ಮಿದುಳಿನ ಭಾಗವು ಹಿಂದುಮುಂದು ಯೋಚಿಸುವ, ತಡೆದುಕೊಳ್ಳುವ ಕೆಲಸ ಮಾಡುತ್ತದೆ. ಇದು ಪೂರ್ಣವಾಗಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಆಸೆ, ಸಿಟ್ಟು, ಸಾಹಸಗಳ ಭಾಗ ಅದಕ್ಕೂ ಮೊದಲೇ ಚುರುಕಾಗಿರುತ್ತದೆ. ಕುದುರೆ ಓಡಲು ಸಿದ್ಧ, ಲಗಾಮು ಇನ್ನೂ ಹೊಲಿಯುತ್ತಿದೆ, ಅಂಥ ವಯಸ್ಸು ಅದು. ಮದ್ಯವು ಮೊದಲು ಸಡಿಲಿಸುವುದು ಆ ಅರೆಹೊಲಿದ ಲಗಾಮನ್ನೇ. ಎಂದೂ ಎದುರಾಡದ ಹುಡುಗ ಕೈ ಎತ್ತುತ್ತಾನೆ. ಈಜು ಬಾರದವನು ಕಾಲುವೆಗೆ ಧುಮುಕುತ್ತಾನೆ.

ಎಳೆಯ ಇಲಿಗಳಿಗೂ ಬೆಳೆದ ಇಲಿಗಳಿಗೂ ಮೈತೂಕಕ್ಕೆ ತಕ್ಕಂತೆ ಒಂದೇ ಪ್ರಮಾಣದ ಮದ್ಯ ಕೊಟ್ಟು ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಎಳೆಯವು ಕಡಿಮೆ ತೂರಾಡುತ್ತವೆ, ತಡವಾಗಿ ನಿದ್ದೆಹೋಗುತ್ತವೆ. ಆದರೆ ಕಲಿಯುವ, ನೆನಪಿಡುವ ಶಕ್ತಿಗೆ ಏಟು ಹೆಚ್ಚಾಗಿ ಬೀಳುವುದು ಅವುಗಳಿಗೇ. ಮನುಷ್ಯರ ಮಕ್ಕಳ ಮೇಲೆ ಇಂಥ ಪರೀಕ್ಷೆ ಮಾಡುವುದು ಸಲ್ಲದು. ಆದರೂ ನಮ್ಮ ಅಫಜಲಪುರದ ಹುಡುಗನ ವರ್ತನೆ ಆ ಚಿತ್ರಕ್ಕೆ ಹೊಂದುತ್ತದೆ. ದೊಡ್ಡವರಿಗೆ “ಸಾಕು, ಮಲಗು” ಎಂದು ಹೇಳುವ ಗಂಟೆ ಅವನಲ್ಲಿ ಬಾರಿಸಲಿಲ್ಲ. ಅವನು ನಿಂತಿದ್ದ, ಮಾತನಾಡುತ್ತಿದ್ದ; ಆದರೆ ತಾಯಿಯ ದನಿಯನ್ನು ನೆನಪಿನಲ್ಲಿ ಬರೆದಿಡಬೇಕಾದ ಮಿದುಳಿನ ಗುಮಾಸ್ತ ಆಗಲೇ ಲೇಖನಿ ಕೆಳಗಿಟ್ಟಿದ್ದ. ಇದನ್ನು ಗಟ್ಟಿತನವೆಂದು ಹೇಗೆ ಕರೆಯೋಣ?

ಮೈಕೈ ನೋವಿನ ಮಾತೂ ಅಷ್ಟೇ. ನೋವು ತುಸು ಹೊತ್ತು ಮಂಕಾದೀತು. ಆದರೆ ಮದ್ಯವು ಮೂತ್ರವನ್ನು ಹೆಚ್ಚಿಸಿ ಮೈಯ ನೀರನ್ನು ಹೊರಹಾಕುತ್ತದೆ, ಕೊನೆಯ ಜಾವದ ನಿದ್ದೆಯನ್ನು ಕೆಡಿಸುತ್ತದೆ. ಪುಣೆಯ ಮೇ ತಿಂಗಳ ಬಿಸಿಲಿನಲ್ಲಿ ಚೀಲ ಹೊತ್ತವನಿಗೆ ಬೇಕಾದದ್ದು ನೀರು ಮತ್ತು ನಿದ್ದೆ. ಅವೆರಡನ್ನೇ ಕಸಿದುಕೊಳ್ಳುವ ಔಷಧ ಎಂಥ ಔಷಧ?

ಕುಡಿದ ಹುಡುಗರ ಸುದ್ದಿ ಬಂದರೆ “ಅದೆಲ್ಲ ಶ್ರೀಮಂತರ ಮನೆಯ ಕಥೆ” ಎನ್ನುವುದು ನಮ್ಮಲ್ಲಿ ವಾಡಿಕೆ. 2024ರ ಮೇ 19ರ ನಸುಕಿನಲ್ಲಿ ಇದೇ ಊರಿನ ಕಲ್ಯಾಣಿನಗರದಲ್ಲಿ ಬೆಲೆಬಾಳುವ ಕಾರೊಂದು ಬೈಕಿಗೆ ಗುದ್ದಿ ಇಬ್ಬರು ತರುಣ ಎಂಜಿನಿಯರರು ಪ್ರಾಣಬಿಟ್ಟರು. ಕಾರು ನಡೆಸುತ್ತಿದ್ದವನು 17 ವರ್ಷದ ಬಾಲಕ, ಕುಡಿದಿದ್ದ ಎಂಬುದು ಪೊಲೀಸರ ಆರೋಪ. ಜಾಮೀನಿಗೆ 300 ಶಬ್ದಗಳ ಪ್ರಬಂಧ ಬರೆಯುವ ಷರತ್ತು ಹಾಕಿದ್ದು ದೇಶವೆಲ್ಲ ಮಾತಾಯಿತು. ನಮ್ಮ ಹುಡುಗರ ಹತ್ತಿರ ಅಂಥ ಕಾರಿಲ್ಲ, ನಿಜ. ಆದರೆ ಚಿಕ್ಕಪ್ಪನ ಬೈಕಿನ ಕೀಲಿ ಗೋಡೆಯ ಮೊಳೆಗೆ ತೂಗುತ್ತಿರುತ್ತದೆ.

ಮಹಾರಾಷ್ಟ್ರದ ಕಾಯಿದೆಯಂತೆ ಬಿಯರಿಗೆ 21, ವಿಸ್ಕಿಯಂಥ ಮದ್ಯಕ್ಕೆ 25 ವರ್ಷ ತುಂಬಿರಬೇಕು. 2015ರ ಬಾಲ ನ್ಯಾಯ ಕಾಯಿದೆಯ 77ನೆಯ ಕಲಮಿನ ಪ್ರಕಾರ, ವೈದ್ಯರ ಆದೇಶವಿಲ್ಲದೆ ಮಕ್ಕಳಿಗೆ ಮದ್ಯ ಕೊಟ್ಟವರಿಗೆ ಏಳು ವರ್ಷಗಳವರೆಗೆ ಕಠಿಣ ಶಿಕ್ಷೆ ಆಗಬಹುದು. ಪ್ರೀತಿಯಿಂದ ಕೊಟ್ಟ ಮಾವನಿಗೆ ವಿನಾಯಿತಿಯಿಲ್ಲ. ಭಾನುವಾರ “ಹೋಗಿ ಒಂದು ಕ್ವಾರ್ಟರ್ ತಗೊಂಡು ಬಾ” ಎಂದು ಮಗನ ಕೈಗೆ ದುಡ್ಡು ಕೊಡುವ ತಂದೆಯಂದಿರು ಇದನ್ನು ಒಮ್ಮೆ ಓದಿಕೊಳ್ಳಲಿ.

1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ದೊಡ್ಡ ಸಮೀಕ್ಷೆಯೊಂದರಲ್ಲಿ, 15 ತುಂಬುವ ಮೊದಲೇ ಕುಡಿತ ಆರಂಭಿಸಿದವರಲ್ಲಿ ನೂರಕ್ಕೆ ಸುಮಾರು 40 ಮಂದಿ ಮುಂದೆ ಅದಕ್ಕೆ ದಾಸರಾಗಿದ್ದರು. ಇಪ್ಪತ್ತರ ನಂತರ ಆರಂಭಿಸಿದವರಲ್ಲಿ ಸುಮಾರು 10 ಮಂದಿ. ಮನೆಯ ಪರಿಸ್ಥಿತಿಯ ಪಾಲೂ ಇದರಲ್ಲಿದ್ದೀತು. ಆದರೆ ಮನೆಯೇ ಮೊದಲ ಗ್ಲಾಸು ಕೊಟ್ಟಾಗ ಆ ಎರಡನ್ನೂ ಬೇರೆ ಮಾಡುವುದೆಂತು?

ತಾಯಂದಿರಿಗೊಂದು ಅವಶ್ಯದ ಮಾತು. ಕುಡಿದ ಹುಡುಗನನ್ನು ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಧಾನವಾಗಿ ತಡೆತಡೆದು ಬರುತ್ತಿದ್ದರೆ, ಮೈ ತಣ್ಣಗಾಗಿ ತುಟಿ ನೀಲಿಗಟ್ಟಿದ್ದರೆ “ಮಲಗಲಿ, ಇಳಿದೀತು” ಎಂದು ಬಿಡಬಾರದು. ಅಂಗಾತ ಮಲಗಿಸಿದರೆ ವಾಂತಿ ಉಸಿರಿನ ಕೊಳವೆಗೆ ಇಳಿದು ಪ್ರಾಣವೇ ಹೋದೀತು. ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ಹಾಕದೆ, ಒಂಟಿಯಾಗಿ ಬಿಡದೆ 108ಕ್ಕೆ ಕರೆ ಮಾಡಬೇಕು. ಏಟು ಬೈಗುಳಗಳಿಗೆ ಮರುದಿನ ಸಮಯವಿದೆ. ಚಟ ಹಿಡಿದವರಿಗೆ ಇದೇ ಊರಿನ ಯರವಡಾದಲ್ಲಿ, 1986ರಲ್ಲಿ ಅವಚಟ ದಂಪತಿಗಳು ಆರಂಭಿಸಿದ ‘ಮುಕ್ತಾಂಗಣ’ವಿದೆ.

ಇದರಲ್ಲಿ ಒಂದಿಷ್ಟನ್ನು ಅಂದು ಚಹಾದ ಅಂಗಡಿಯಲ್ಲಿಯೇ ಮಾವನಿಗೆ ಹೇಳಿದೆವು. ಹೆಚ್ಚು ಹೇಳಲು ಬಿಡುವಿರಲಿಲ್ಲ, ಲಾರಿ ಬಂದಿತ್ತು.

ದಸರೆಗೆ ಚೆಂಡುಹೂ ತರಲು ಹೋದಾಗ ಅವರೇ ಗುರುತು ಹಿಡಿದು ಬಂದು ಮಾತನಾಡಿಸಿದರು. ಹುಡುಗ ಊರಿಗೆ ಹೋಗಿ ಕಾಲೇಜು ಸೇರಿದ್ದಾನಂತೆ. ಅಕ್ಕನಿಗೆ ಆ ರಾತ್ರಿಯ ಸಂಗತಿ ತಿಳಿಸಿದಿರಾ ಎಂದು ಕೇಳಿದೆವು.

“ಹೇಳೀನ್ರಿ. ಎರಡು ತಿಂಗಳಾತು, ನನ್ನ ಫೋನು ಎತ್ತವಲ್ಲಳು. ಬರೂ ಬ್ಯಾಸಗಿಗೆ ಹುಡುಗನ್ನ ಕಳಸ್ತಾಳೋ ಇಲ್ಲೋ” ಎಂದು ಹೆಗಲಿನ ಟವೆಲ್ಲನ್ನು ತಲೆಗೆ ಸುತ್ತಿಕೊಂಡು, ಅಡತಿ ಅಂಗಡಿಯ ಕಡೆಗೆ ನಡೆದರು.