ಪಹಣಿ ಗಣಕಯಂತ್ರಕ್ಕೆ ಬಂದಾಗ ಬದಲಾದದ್ದೇನು?

ಕಚೇರಿಯೊಂದಕ್ಕೆ ಗಣಕಯಂತ್ರ ಬಂದಾಗ ನೌಕರರ ಕೆಲಸವೂ ಅಧಿಕಾರವೂ ಜಾಗ ಬದಲಿಸುತ್ತವೆ. ಕರ್ನಾಟಕದ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಇದಕ್ಕೆ ರೈತರೆಲ್ಲರೂ ಬಲ್ಲ ಉದಾಹರಣೆ.

ಹಿಂದೆ ಕೈಬರಹದ ಪಹಣಿ ಪುಸ್ತಕಗಳು ಸುಮಾರು 9,000 ಗ್ರಾಮಲೆಕ್ಕಿಗರ ವಶದಲ್ಲಿದ್ದವು. ಪ್ರತಿ ಬೇಕಾದವರು ಅವರು ಸಿಗುವ ದಿನ ಕಾಯಬೇಕಿತ್ತು. ಯಾರ ಅರ್ಜಿ ಮೊದಲು, ಯಾರದು ಆಮೇಲೆ ಎಂಬುದು ಅವರ ಮರ್ಜಿ. ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾಯ್ದೆಯಿಂದ ರದ್ದಾಗಿದ್ದರೂ, ಪುಸ್ತಕ ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತೇ ಹೊರತು ಬಯಲಿಗೆ ಬಂದಿರಲಿಲ್ಲ.

2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕಯಂತ್ರಕ್ಕೆ ಸೇರಿಸಲಾಯಿತು. ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪ್ರತಿ ಸಿಗತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವೆಂದು ಸಾರಿದ್ದೇ ಇದರಲ್ಲಿ ದಿಟ್ಟ ಹೆಜ್ಜೆ. ಎರಡೂ ನಡೆಯಲೆಂದು ಬಿಟ್ಟಿದ್ದರೆ ಯಂತ್ರದ ಮೇಲೆ ಧೂಳು ಕೂರುತ್ತಿತ್ತು.

ಪ್ರತಿ ಬೇಗ ಸಿಕ್ಕಿದ್ದಕ್ಕಿಂತ ದೊಡ್ಡ ಬದಲಾವಣೆ ಕಚೇರಿಯ ಒಳಗೆ ಆಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರತಿಯಲ್ಲೇ ತೆಗೆದುಕೊಳ್ಳುವಂತೆ ವ್ಯವಸ್ಥೆ ರೂಪಿಸಲಾಯಿತು. ಒಪ್ಪಿಗೆ ಕೊಡುವ ನೌಕರ ಬೆರಳಚ್ಚು ಒತ್ತಬೇಕಾದ್ದರಿಂದ, ‘ನಾನು ಮಾಡಿದ್ದಲ್ಲ’ ಎನ್ನುವುದು ಕಷ್ಟವಾಯಿತು. ಗ್ರಾಮಲೆಕ್ಕಿಗರಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಯಂತ್ರದ ಮುಂದೆ ಕೂರಿಸಿದ್ದು ಜಾಣತನ. ಹೊರಗಿನವರಿಗೆ ಪಹಣಿಯ ಭಾಷೆ ತಿಳಿಯುವುದೆಂತು?

ಆದರೆ ಸ್ಥಳ ತನಿಖೆ, ಮಹಜರು ಮನುಷ್ಯರ ಕೈಯಲ್ಲೇ ಉಳಿದವು. ವಿಳಂಬಕ್ಕೆ ಅಲ್ಲಿ ಇಂದಿಗೂ ಎಡೆಯಿದೆ. ಊರಿನಲ್ಲಿ ಸಿಗುತ್ತಿದ್ದ ಕಾಗದಕ್ಕೆ ಮೊದಮೊದಲು ತಾಲ್ಲೂಕಿಗೆ ಬಸ್ಸು ಹಿಡಿಯಬೇಕಾಯಿತು. ನಾಡಕಚೇರಿ, ಅಂತರ್ಜಾಲ ಬಂದ ಮೇಲೆ ಈ ತೊಂದರೆ ತಗ್ಗಿತು. 2020ರ ಮುಂಗಾರಿನಿಂದ ರೈತರೇ ಮೊಬೈಲ್ ಆಪ್‌ನಲ್ಲಿ ತಮ್ಮ ಬೆಳೆ ದಾಖಲಿಸುವ ಅವಕಾಶವೂ ದೊರೆಯಿತು.

ಇನ್ನೊಂದು ಮಾತು. ಯಂತ್ರಕ್ಕೆ ಹೋದದ್ದು ಹಳೆಯ ಪುಸ್ತಕದಲ್ಲಿದ್ದದ್ದೇ. ಅದರ ತಪ್ಪುಗಳೂ ಜೊತೆಗೇ ಹೋದವು, ಈಗ ಅಚ್ಚುಕಟ್ಟಾಗಿ ಮುದ್ರಣವಾಗಿ ಬರುತ್ತವೆ. ರೈತರು ಪಹಣಿ ತೆಗೆಸಿದಾಗ 9ನೇ ಕಲಂನಲ್ಲಿ ಹೆಸರು, ವಿಸ್ತೀರ್ಣ ಸರಿಯಿದೆಯೇ, 11ನೇ ಕಲಂನಲ್ಲಿ ತೀರಿಸಿದ ಸಾಲ ಹಾಗೇ ಉಳಿದಿದೆಯೇ ನೋಡಬೇಕು. ತಪ್ಪಿದ್ದರೆ ತಹಶೀಲ್ದಾರರಿಗೆ ತಿದ್ದುಪಡಿಯ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ತೀರಿಕೊಂಡ ಹಿರಿಯರ ಹೆಸರಿನಲ್ಲೇ ಜಮೀನಿದ್ದರೆ ಮರಣ ಪ್ರಮಾಣಪತ್ರ, ವಂಶವೃಕ್ಷದೊಡನೆ ಪೌತಿ ಖಾತೆಗೆ ಅರ್ಜಿ ಹಾಕುವುದು ಒಳ್ಳೆಯದು.