ಬಿರುಕು ಬಿಟ್ಟರೆ ಕರೆಂಟು

ಬೇಸಿಗೆಯಲ್ಲಿ ಶಿವಯೋಗ ಮಂದಿರದ ಕಡೆ ಹೋದವರಿಗೆ ಮಲಪ್ರಭೆಯ ದಂಡೆಯ ಎರೆಹೊಲಗಳು ಬಾಯಿಬಿಟ್ಟಿರುವುದು ಹೊಸ ನೋಟವಲ್ಲ. ಒಂದು ಬಿರುಕು ಇನ್ನೊಂದನ್ನು ಕೂಡಿ, ಎಲ್ಲೂ ಕಡಿಯದೆ ಹೊಲದ ತುಂಬ ಹಬ್ಬಿರುತ್ತದೆ. ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜಿ.ಯು. ಕುಲಕರ್ಣಿ ಮತ್ತು ಸಂಗಡಿಗರು ಇಂಥದೇ ಬಿರುಕನ್ನು ಬೇಕೆಂದೇ ಮೂಡಿಸಿ, ಸಾವಯವ ಸೋಲಾರ್ ಕೋಶಕ್ಕೆ ಎಲೆಕ್ಟ್ರೋಡ್ ಮಾಡಿದರು.

ಈ ಕೋಶದಲ್ಲಿ ಬಿಸಿಲು ಹೀರುವುದು ಸಿಲಿಕಾನ್ ಅಲ್ಲ, ಇಂಗಾಲದ ಸಂಯುಕ್ತಗಳ ತೆಳು ಪದರ. 1986ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ತೋರಿಸಿದ ಕೋಶದ ದಕ್ಷತೆ ಶೇ 1ರ ಆಸುಪಾಸಿನಲ್ಲಿತ್ತು. ಈಗ ಪ್ರಯೋಗಾಲಯಗಳಲ್ಲಿ ಶೇ 19 ದಾಟಿದೆ. ಹೊಗಳಿಕೆಯೆಲ್ಲ ನಡುವಿನ ಪದರಕ್ಕೇ ಹೋಗುತ್ತದೆ. ಎರಡು ಬದಿಯ ಎಲೆಕ್ಟ್ರೋಡ್‌ಗಳನ್ನು ಕೇಳುವವರಿಲ್ಲ. ಇದು ಅನ್ಯಾಯ ಅಂತಲೇ ನನಗನಿಸುತ್ತದೆ.

ಮುಂಬದಿಯ ಎಲೆಕ್ಟ್ರೋಡ್ ಬೆಳಕನ್ನು ಒಳಗೆ ಬಿಡಬೇಕು, ಕರೆಂಟನ್ನೂ ಸಾಗಿಸಬೇಕು. ದಪ್ಪ ಮಾಡಿದರೆ ಬೆಳಕಿಗೆ ಅಡ್ಡಿ, ತೆಳು ಮಾಡಿದರೆ ಕರೆಂಟಿಗೆ ತಡೆ. ಸಾಮಾನ್ಯವಾಗಿ ಬಳಸುವ ಇಂಡಿಯಂ ಟಿನ್ ಆಕ್ಸೈಡ್ ಎರಡನ್ನೂ ತಕ್ಕಮಟ್ಟಿಗೆ ನಿಭಾಯಿಸುತ್ತದೆ. ಆದರೆ ಇಂಡಿಯಂ ದುಬಾರಿ, ಮೇಲಾಗಿ ಬಾಗಿಸಿದರೆ ಆ ಪದರ ಸೀಳುತ್ತದೆ. ಸುರುಳಿ ಸುತ್ತಬಹುದಾದ ಸೋಲಾರ್ ಹಾಳೆಗೆ ಬಾಗಲಾರದ ಎಲೆಕ್ಟ್ರೋಡ್ ಯಾತಕ್ಕೆ? ಕೋಶ ದೊಡ್ಡದಾದಂತೆ ಪೆಟ್ಟು ಇನ್ನೂ ಹೆಚ್ಚು: ಕೋಶದ ಪಟ್ಟಿಯ ಅಗಲ ಎರಡರಷ್ಟಾದರೆ ಆ ಪದರದ ತಡೆಯಲ್ಲಿ ಶಾಖವಾಗಿ ಪೋಲಾಗುವ ಪಾಲು ನಾಲ್ಕರಷ್ಟಾಗುತ್ತದೆ. ಹಿಂಬದಿಯದು ಬೇರೆ ತಕರಾರು. ಅಲ್ಯೂಮಿನಿಯಂ, ಕ್ಯಾಲ್ಸಿಯಂ ಗಾಳಿ ತಾಗಿದರೆ ಕೆಡುತ್ತವೆ. ಅದಕ್ಕೇ ಈಗ ಹಲವರು ಕೋಶವನ್ನು ತಿರುವುಮುರುವಾಗಿ ಕಟ್ಟಿ ಬೆನ್ನಿಗೆ ಬೆಳ್ಳಿ ಕೊಡುತ್ತಾರೆ.

ಜಕ್ಕೂರಿನ ಉಪಾಯ ಸರಳ. ಗಾಜಿನ ಮೇಲೆ ಪಾಲಿಮರ್ ದ್ರಾವಣ ಸವರಿ ಒಣಗಲು ಬಿಟ್ಟರೆ ಅದು ಬಿರಿಯುತ್ತದೆ. ಮೇಲೆ ನಿರ್ವಾತದಲ್ಲಿ ಲೋಹ ಕೂರಿಸಿ, ಪಾಲಿಮರನ್ನು ತೊಳೆದು ತೆಗೆದರೆ ಬಿರುಕಿನೊಳಗಿನ ಲೋಹವಷ್ಟೇ ಸಣ್ಣ ತಂತಿಗಳ ಜಾಲವಾಗಿ ಉಳಿಯುತ್ತದೆ. ಬೆಳಕು ಜಾಲದ ಕಣ್ಣುಗಳ ಮೂಲಕ ನುಸುಳುತ್ತದೆ, ಕರೆಂಟು ತಂತಿ ಹಿಡಿದು ಹೋಗುತ್ತದೆ. ಅಚ್ಚು ಕೊರೆಯುವ ದುಬಾರಿ ಯಂತ್ರ ಬೇಕಿಲ್ಲ. ಜರ್ಮನಿಯ ಬೈರಾಯ್ಟ್ ವಿಶ್ವವಿದ್ಯಾಲಯದವರ ಜೊತೆಗೂಡಿ ಸಾವಯವ ಕೋಶದಲ್ಲಿ ಇದನ್ನು ಬಳಸಿದ ಪ್ರಬಂಧ 2014ರಲ್ಲಿ ಪ್ರಕಟವಾಯಿತು.

ತೊಡಕೂ ಇದೆ. ನಡುವಿನ ಪದರದ ದಪ್ಪ ಸುಮಾರು 100 ನ್ಯಾನೋಮೀಟರ್. ತಂತಿ ತುಸು ಎತ್ತರವಾದರೂ ಅದನ್ನು ಚುಚ್ಚಿ ಶಾರ್ಟ್ ಆದೀತು. ಜಾಲದ ಕಣ್ಣು ಅಗಲವಾದರೆ ನಡುವೆ ಹುಟ್ಟಿದ ಕರೆಂಟು ತಂತಿ ಮುಟ್ಟುವುದೇ ಕಷ್ಟ. ಅಲ್ಲಿ ವಿದ್ಯುತ್ ಹರಿಸುವ ಪಾಲಿಮರ್ ತುಂಬಬೇಕಾಗುತ್ತದೆ.

ಹೀಗಾಗಿ ಸಾವಯವ ಸೋಲಾರ್‌ನ ಹೊಸ ದಾಖಲೆ ಪತ್ರಿಕೆಯಲ್ಲಿ ಕಂಡಾಗ ಶೇಕಡಾವಾರು ಒಂದನ್ನೇ ನೋಡಬೇಡಿ. ಕೋಶದ ವಿಸ್ತೀರ್ಣ ಎಷ್ಟು, ಎಲೆಕ್ಟ್ರೋಡ್ ಯಾವುದು ಎಂದೂ ಕೇಳಿ.